ಪಡು ಗೋಡೆಗೆ ಎರಡು ಕೋಟು ಬೇಕೇ ಬೇಕು

ಪುತ್ತೂರಿನ ನಮ್ಮ ಮನೆಗೆ ಈ ಫೆಬ್ರವರಿಯಲ್ಲಿ ಹೊರಗಿನಿಂದ ಪೈಂಟ್ ಮಾಡಿಸಿದೆವು. ಮೊದಲ ಕೋಟು ಒಣಗಿದ ಮೇಲೆ ಪೈಂಟರ್ ಹೇಳಿದರು: "ಅಕ್ಕಾ, ಕಲರ್ ಚೆಂದ ಕೂತಿದೆ. ಇನ್ನೊಂದು ಕೋಟು ಬೇಡ, ಸುಮ್ಮನೆ ಖರ್ಚು."

ಅಂಗಳದಲ್ಲಿ ನಿಂತು ನೋಡಿದರೆ ಅವರ ಮಾತು ನಿಜವೇ. ಆದರೆ ಸಂಜೆಯ ಓರೆ ಬಿಸಿಲಿಗೆ ಪಡು ಗೋಡೆಯ, ಅಂದರೆ ಪಶ್ಚಿಮದ ಗೋಡೆಯ, ಹತ್ತಿರ ಹೋಗಿ ನೋಡಬೇಕು. ಗಾರೆಯ ತರಿಗಳ ಸಂದಿಯಲ್ಲಿ, ಪೈಂಟಿಗೆ ಮುಂಚೆ ಬಳಿದ ಪ್ರೈಮರಿನ ಬಿಳಿ ಇಣುಕುತ್ತಿತ್ತು. ಸೂಜಿಮೊನೆಯಷ್ಟು ತೂತುಗಳು. ಸಜ್ಜದ ಅಡಿಯಲ್ಲಿ ರೋಲರ್ ಮುಟ್ಟದ ಒಂದು ಗೆರೆ. ನೀರು ಒಳಗೆ ಹೋಗಲು ಇಷ್ಟು ಧಾರಾಳ ಸಾಕು.

ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿಯ ಜೊತೆ ಪಡು ಗೋಡೆಗೇ ಬಡಿಯುತ್ತದೆ. ಹಿಂದೆ ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ತಟ್ಟಿಯ ಕೆಲಸವನ್ನೆಲ್ಲ ಪೈಂಟಿನ ತೆಳು ಪದರವೇ ಮಾಡಬೇಕು.

ಹಾಗಂತ ಒಂದೇ ಸಲ ದಪ್ಪಗೆ ಬಳಿದರೂ ಆಗದು. ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಈ ಪೈಂಟ್, ಒಣಗುವುದೆಂದರೆ ಅದರೊಳಗಿನ ನೀರು ಆರಿ, ಉಳಿದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದು. ದಪ್ಪ ಬಳಿದಾಗ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರುಕು, ಸುಕ್ಕು. ತೆಳ್ಳಗೆ ಒಂದು ಕೋಟು, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಇನ್ನೊಂದು. ನೀರು ಬೆರೆಸುವುದು ಬಕೆಟಿನ ಮೇಲೆ ಬರೆದಷ್ಟೇ. ಬೆರೆಸುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಅದಕ್ಕೆ ನನಗೆ ಸಂಕೋಚವಿಲ್ಲ. ನೀರು ಹೆಚ್ಚಾದ ಎರಡು ಕೋಟು ಸರಿಯಾದ ಒಂದು ಕೋಟಿಗೂ ಸಮವಲ್ಲ.

ಕಡು ಕೆಂಪು, ಹಳದಿ ಬೇಕೆನ್ನುವವರು ಮೂರನೆಯ ಕೋಟಿಗೂ ತಯಾರಿರಿ. ಆ ಬಣ್ಣಗಳು ಅಡಿಯದನ್ನು ಬೇಗ ಮುಚ್ಚುವುದಿಲ್ಲ.

ಕೋಟು ಎಷ್ಟೇ ಇರಲಿ, ಪಾಚಿಯ ಮೇಲೆ ಹಚ್ಚಿದರೆ ಪಾಚಿಯ ಜೊತೆಗೇ ಎದ್ದು ಬರುತ್ತದೆ. ತಂತಿ ಬ್ರಷ್‌ನಲ್ಲಿ ತಿಕ್ಕಿ ತೊಳೆದು, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್. ಹೊಸ ಗಾರೆಯಾದರೆ ಸುಮಾರು 28 ದಿನ ಕಾಯಲೇಬೇಕು. ಮಳೆ ನಿಂತ ಕೂಡಲೇ ದೀಪಾವಳಿಗೆಂದು ಹೊರಗೋಡೆಗೆ ಬಣ್ಣ ಹಚ್ಚಿಸುವ ಅವಸರ ನಮ್ಮ ಊರಿಗೆ ಹೇಳಿದ್ದಲ್ಲ, ಆಗ ಗೋಡೆಯ ಹೊಟ್ಟೆಯಲ್ಲಿ ನೀರು ಇನ್ನೂ ಇರುತ್ತದೆ.

ಪೈಂಟರಿಗೆ ನಾನು ಹೇಳಿದ್ದು ಇಷ್ಟೆ: "ಅಣ್ಣಾ, ಸಾರವೆ ಕಟ್ಟಿಯಾಗಿದೆ, ತೊಳೆದು ತಿಕ್ಕಿಯೂ ಆಗಿದೆ. ಇನ್ನು ಖರ್ಚು ಪೈಂಟಿನದು, ನಿಮ್ಮ ಕೂಲಿಯದು ಮಾತ್ರ. ಬಿಚ್ಚುವ ಮೊದಲು ಹಚ್ಚಿಬಿಡಿ." ಮಾರನೇ ದಿನ ಬಿಸಿಲು ಪಡು ಗೋಡೆಗೆ ಬರುವ ಮೊದಲೇ ಎರಡನೇ ಕೋಟು ಮುಗಿಸಿದರು.