ಮೂರನೇ ಎರ್ಹು, ಮತ್ತು ಧೈವತದಲ್ಲಿ ಕೂತಿದ್ದ ತೋಳ

ಕೊನೆಗೂ ಸಿಕ್ಕಿತು! ಎರ್ಹು ಅಂದರೆ ಚೀನಾದ ಎರಡು ತಂತಿಯ ಕಮಾನು ವಾದ್ಯ: ಉದ್ದ ದಂಡಿ, ಬುಡದಲ್ಲಿ ಹೆಬ್ಬಾವಿನ ಚರ್ಮ ಹೊದಿಸಿದ ಮರದ ಡಬ್ಬಿ. ಮನಸ್ಸಿಗೆ ಒಪ್ಪುವಂಥದ್ದನ್ನು ಹನ್ನೊಂದು ತಿಂಗಳು ಹುಡುಕಿದ್ದೇನೆ. ಪಕ್ಕದ ಊರು ಸುಝೌಗೆ ಏಳು ಸಲ ರೈಲು ಹತ್ತಿದ್ದೇನೆ. ನಿನ್ನೆ ಸಂಜೆ ಮೂರನೇ ಎರ್ಹುವನ್ನು ಶಾಂಘೈನ ಮನೆಗೆ ತಂದು, ಊಟಕ್ಕೂ ಏಳದೆ ರಾತ್ರಿ ಹನ್ನೊಂದರವರೆಗೆ ನುಡಿಸಿದೆ.

ಮೊದಲನೆಯದರ ಬಗ್ಗೆ ಎರಡೇ ಮಾತು. ಆನ್‌ಲೈನಿನಲ್ಲಿ ತರಿಸಿದ್ದು. ಮರ ಝಿತಾನ್ ಅಂತ ಬರೆದಿದ್ದರು. ಅಂದರೆ ನಮ್ಮ ಶೇಷಾಚಲ ಬೆಟ್ಟದ ರಕ್ತಚಂದನ. ಡಬ್ಬಿಯ ಒಳಗೆ ಪಾಲಿಶ್ ಇಲ್ಲದ ಅಂಚನ್ನು ಬಿಳಿ ಕಾಗದಕ್ಕೆ ಉಜ್ಜಿದೆ. ಕೆಂಪು ಗೆರೆಯೇ ಬೀಳಲಿಲ್ಲ. ಕೇಳಿದರೆ ಮಾರಿದವರು ಇನ್ಯಾವುದೋ ವಾದ್ಯದ ಫೋಟೋ ಕಳಿಸಿದರು. ಇಂಥವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಸದಾಗಿ ಕಲಿಯುವವರು ವಾದ್ಯ ಕೆಟ್ಟದ್ದು ಅಂತ ತಿಳಿಯದೆ ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ.

ನಿಜವಾಗಿ ತಲೆ ತಿಂದಿದ್ದು ಎರಡನೆಯದು. ಜನವರಿಯಲ್ಲಿ ಸುಝೌನ ಅಂಗಡಿಯಲ್ಲೇ ಕೂತು ಆರಿಸಿದ್ದೆ. ಹಳೆಯ ಹೊಂಗ್‌ಮು ಮರ, ನೇರ ದಂಡಿ, ಆರು ಹಲಗೆಗಳ ಕೂಡಿಕೆಯಲ್ಲಿ ಎಳೆಯಷ್ಟೂ ಸಂದಿಲ್ಲ. ಚರ್ಮದ ಮೇಲೆ ದೊಡ್ಡ, ಒಂದೇ ಸಮನಾದ ಹುರುಪೆ. ಹೆಬ್ಬೆರಳಿಂದ ಒತ್ತಿದರೆ ಚೆನ್ನಾಗಿ ಪುಟಿಯುತ್ತಿತ್ತು. ನಾಲ್ಕೈದು ತಿಂಗಳು ಸುಖವಾಗಿ ನುಡಿಸಿದೆ. ಜೂನ್ ಮಧ್ಯದಲ್ಲಿ ಇಲ್ಲಿ ಪ್ಲಮ್ ಮಳೆ (ಪ್ಲಮ್ ಹಣ್ಣಾಗುವ ಕಾಲದ ಜಡಿಮಳೆ) ಶುರುವಾಯಿತು. ಗೋಡೆ, ಬಟ್ಟೆ, ಪುಸ್ತಕ ಎಲ್ಲಾ ಒದ್ದೆ ಒದ್ದೆ. ಒಂದು ಬೆಳಿಗ್ಗೆ ಒಳತಂತಿಯ ಧೈವತಕ್ಕೆ ಬೆರಳಿಟ್ಟೆ. ಗುರ್‍ರ್‍ರ್ ಅಂದಿತು. ತೋಳದ ಸ್ವರ, ಅಂದರೆ ಯಾವುದೋ ಒಂದು ಸ್ವರದಲ್ಲಿ ಮಾತ್ರ ವಾದ್ಯ ಹೀಗೆ ಗುರುಗುಟ್ಟುವುದು. ನಾನು ದಿನಾ ಹತ್ತಾರು ಸಲ ನಿಲ್ಲುವ ಜಾಗದಲ್ಲೇ ಬಂದು ಕೂತಿತ್ತು.

ತಂತಿಗೂ ಚರ್ಮಕ್ಕೂ ನಡುವೆ ಇಡುವ ಫೆಲ್ಟ್ ತುಂಡನ್ನು ದಪ್ಪ ಮಾಡಿ ಅಂತ ನೀವು ಹೇಳುವುದು ಗೊತ್ತು, ಅಲ್ವಾ? ಮಾಡಿದೆ. ಗುರುಗುಟ್ಟುವುದು ಕಮ್ಮಿಯಾಯಿತು, ಜೊತೆಗೆ ದನಿಯೂ ಸತ್ತಿತು. ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಕುದುರೆ, ಅಂದರೆ ಚರ್ಮದ ಮೇಲೆ ನಿಂತು ತಂತಿ ಹೊರುವ ಮರದ ತುಂಡು, ಅದನ್ನೂ ಬದಲಿಸಿದೆ, ಮೇಪಲ್ ತೆಗೆದು ಪೈನ್ ಹಾಕಿದೆ. ನಾದದ ಬಣ್ಣ ಬದಲಾಯಿತು, ತೋಳ ಕದಲಲಿಲ್ಲ. (ಚೀನೀ ಭಾಷೆಯಲ್ಲೂ ಇದಕ್ಕೆ ಕುದುರೆ ಅಂತಲೇ ಹೆಸರು, ಚಿನ್‌ಮಾ. ಮೊದಲ ಸಲ ಕೇಳಿದಾಗ ಬಹಳ ಖುಷಿಯಾಗಿತ್ತು.) ಚಿಯೆನ್‌ಚಿನ್ (ತಂತಿಗಳನ್ನು ದಂಡಿಯ ಕಡೆ ಸೆಳೆದು ಕಟ್ಟುವ) ದಾರವನ್ನು ಅರ್ಧ ಸೆಂಟಿಮೀಟರ್ ಇಳಿಸಿ ಕಟ್ಟಿದೆ. ಏನೂ ಇಲ್ಲ.

ಆಮೇಲೆ ಒಳತಂತಿಯನ್ನು ಡಿ ಇಂದ ಸಿ ಗೆ ಇಳಿಸಿ ನೋಡಿದೆ. ಈಗ ಗುರುಗುಟ್ಟಿದ್ದು ಬೇರೆ ಬೆರಳಿನ ಜಾಗದಲ್ಲಿ. ಆದರೆ ಟ್ಯೂನರ್ ನೋಡಿದರೆ ಅದೇ ಸ್ವರ, ಸುಮಾರು 494 ಹರ್ಟ್ಸ್! ತಂತಿ ಏನೇ ಇರಲಿ, ತೋಳ ಅಲ್ಲೇ. ಅಂದರೆ ಅದು ತಂತಿಯದ್ದಲ್ಲ, ಚರ್ಮದ್ದು. ಚರ್ಮ ತಾನಾಗಿ ಜೋರಾಗಿ ಅದುರುವ ಸ್ವರಕ್ಕೆ ತಂತಿ ಬಂದು ನಿಂತಾಗ ಎರಡೂ ಕಿತ್ತಾಡುತ್ತವೆ. ತಕ್ಷಣ ಜನವರಿಯ ರೆಕಾರ್ಡಿಂಗ್ ಹುಡುಕಿ ಕೇಳಿದೆ. ಆಗಲೂ ತೋಳ ಇತ್ತು! ಮೇಲೆ, ಕಾಕಲಿ ನಿಷಾದದ ಹತ್ತಿರ. ಅಲ್ಲಿ ನಾನು ನಿಲ್ಲುತ್ತಿರಲಿಲ್ಲ, ದಾಟಿ ಹೋಗುತ್ತಿದ್ದೆ. ಚಳಿಗಾಲದ ಹೀಟರ್ ಗಾಳಿಗೆ ಚರ್ಮ ಬಿಗಿದಿತ್ತು. ಮಳೆಗೆ ಸಡಿಲವಾಯಿತು, ತೋಳ ಬೆಟ್ಟ ಇಳಿದು ಊರೊಳಗೆ ಬಂತು. ಖಂಜಿರಕ್ಕೆ ನೀರು ಸವರಿ ಶ್ರುತಿ ಇಳಿಸುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಇದೂ ಅದೇ ಲೆಕ್ಕ.

ಆದ್ದರಿಂದ ಮೂರನೆಯದನ್ನು ಮಳೆಯಲ್ಲೇ ಕೊಳ್ಳಬೇಕು ಅಂತ ನಿರ್ಧರಿಸಿದೆ. ಜೇಬಿನಲ್ಲಿ ನನ್ನದೇ ಕುದುರೆ, ನನ್ನದೇ ತೆಳು ಫೆಲ್ಟ್, ಕೈಯಲ್ಲಿ ನನ್ನದೇ ಕಮಾನು. ಅಂಗಡಿಯವರು ಹಾಕಿಟ್ಟ ದಪ್ಪ ಫೆಲ್ಟ್ ತೆಗೆದ ಮೇಲೇ ವಾದ್ಯದ ನಿಜ ಗೊತ್ತಾಗುವುದು. ಎಲ್ಲದಕ್ಕೂ ಒಂದೇ ಕುದುರೆ, ಒಂದೇ ಫೆಲ್ಟ್ ಹಾಕಿದರೆ ಬದಲಾಗುವುದು ಡಬ್ಬಿ ಮತ್ತು ಚರ್ಮ ಮಾತ್ರ. ಒಳತಂತಿಯಲ್ಲಿ ಬೆರಳನ್ನು ಇಂಚಿಂಚಾಗಿ ಜಾರಿಸುತ್ತಾ, ಕಮಾನು ನಿಧಾನ ಎಳೆಯುತ್ತಾ ಹೋದೆ. ಒಂದು ಅಂಗಡಿಯಲ್ಲಿ ಫೆಲ್ಟ್ ತೆಗೆಯಲು ಬಿಡಲೇ ಇಲ್ಲ. ನಮಸ್ಕಾರ ಹೇಳಿ ಎದ್ದು ಬಂದೆ.

ಒಂದು ಸಣ್ಣ ಕಾರ್ಖಾನೆಯಲ್ಲಿ ವಯಸ್ಸಾದ ಶಿಫು (ಕಸಬಿನ ಗುರು) ಒಬ್ಬರು ನನ್ನ ಜೇಬಿನ ಸಾಮಾನು ನೋಡಿ ನಕ್ಕರು. "ತೋಳ ಇಲ್ಲದ ಎರ್ಹು ಇಲ್ಲ. ನಿನಗೆ ಸಾಕಿದ ತೋಳ ಬೇಕು," ಅಂದರು. ಒಂಬತ್ತು ಎರ್ಹು ಸಾಲಾಗಿ ಇಟ್ಟುಕೊಟ್ಟರು. ಆರನೆಯದರಲ್ಲಿ ತೋಳ ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಇತ್ತು, ಆದರೆ ಕಮಾನು ತೀರಾ ಒತ್ತಿದರೆ ಮಾತ್ರ ಸಣ್ಣಗೆ ಕೆಮ್ಮುತ್ತಿತ್ತು. ಚರ್ಮ ಎರಡನೆಯದಕ್ಕಿಂತ ಸ್ವಲ್ಪ ದಪ್ಪ. ದನಿ ಈಗ ಮುಚ್ಚಿದ ಹಾಗಿದೆ, ನುಡಿಸುತ್ತಾ ನುಡಿಸುತ್ತಾ ಬಿಡಿಸಿಕೊಳ್ಳುತ್ತದೆ. ತೆಳು ಚರ್ಮ ಅಂಗಡಿಯಲ್ಲಿ ಜೋರಾಗಿ ಕೂಗುತ್ತದೆ, ಬೇಗ ಕುಸಿಯುತ್ತದೆ. ದಂಡಿಯ ತುದಿಗೆ ಡ್ರ್ಯಾಗನ್ ತಲೆ ಇಲ್ಲ. ಕೆತ್ತನೆಗೆ ಕೊಡುವ ದುಡ್ಡು ಚರ್ಮಕ್ಕೆ ಹೋಗಲಿ.

ಹಾಂ, ಕಾರ್ಡ್ ಮರೆಯಬೇಡಿ. ಚರ್ಮ ಸಾಕಿದ ಹೆಬ್ಬಾವಿನದು ಅನ್ನುವ ಪ್ರಮಾಣಪತ್ರ 2005ರಿಂದ ಚೀನಾದಲ್ಲಿ ಕಡ್ಡಾಯ. ಅದಿಲ್ಲದ ಎರ್ಹು ಎಷ್ಟೇ ಚೆನ್ನಾಗಿ ನುಡಿದರೂ ನನಗೆ ಬೇಡ. ಊರಿಗೆ ಒಯ್ಯುವುದಾದರೆ ಆ ಕಾರ್ಡ್ ಒಂದೇ ಸಾಲದೇ ಇರಬಹುದು. ಹೆಬ್ಬಾವು ಸೈಟಿಸ್ (ಕಾಡುಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಪರ್ಮಿಟ್ ಬೇಕಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು.

ಈ ಪರ್ಮಿಟ್ ಯೋಚನೆಯಲ್ಲೇ ಮುಂದಿನ ಕೆಲಸ ಹೊಳೆಯಿತು: ಬಾನ್‌ಹು! ಎರ್ಹುವಿನ ತಮ್ಮ. ಅದರ ಬುರುಡೆ ತೆಂಗಿನ ಕರಟದ್ದು, ಮುಖಕ್ಕೆ ತೆಳು ಹಲಗೆ. ಹಾವೂ ಇಲ್ಲ, ಚರ್ಮವೂ ಇಲ್ಲ. ತಿಪಟೂರಿನ ತೋಟದಲ್ಲಿರುವ ಸೋದರಮಾವನಿಗೆ ಆಗಲೇ ಫೋನ್ ಮಾಡಿದ್ದೇನೆ. "ಎಷ್ಟು ದೊಡ್ಡ ಕಾಯಿ ಬೇಕೋ?" ಅಂದರು. "ನಿಮ್ಮ ತೋಟದಲ್ಲಿ ಸಿಗುವ ಅತಿ ದೊಡ್ಡದು, ಮಾವ. ಒಡೆಯಬೇಡಿ, ಗರಗಸದಲ್ಲಿ ಕೊಯ್ಯಬೇಕು," ಅಂದೆ. ಗಣೇಶನ ಹಬ್ಬಕ್ಕೆ ಹೋದಾಗ ನಾಲ್ಕು ಕರಟ ತರುತ್ತೇನೆ.

ಹೊಸ ಎರ್ಹುವಿನ ತೋಳ ಇವತ್ತು ಬೆಳಿಗ್ಗೆ 480 ಹರ್ಟ್ಸ್ ಹತ್ತಿರ ಇತ್ತು. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ರಾತ್ರಿ ಕುದುರೆಯ ಮೇಲ್ಗಡೆ ತಂತಿಗಳ ಕೆಳಗೆ ಪೆನ್ಸಿಲ್ ತೂರಿಸಿ, ಚರ್ಮಕ್ಕೆ ಭಾರ ಬೀಳದ ಹಾಗೆ ಇಡುತ್ತಿದ್ದೇನೆ. ಜನವರಿಯಲ್ಲಿ ಹೀಟರ್ ಹಾಕಿದ ದಿನ ಮತ್ತೆ ಅಳೆದು, ಎಷ್ಟು ಮೇಲೆ ಹತ್ತಿದೆ ಅಂತ ಬರೆಯುತ್ತೇನೆ.