ದೀಪ ಹಚ್ಚೋ ಹೊತ್ತಿನ ಮೀನು

ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ ಬಂದ ಮೇಲೆ ಮೊದಲ ಮೂರು ಬೇಸಿಗೆ ನಾನು ಬಾಸ್ ಮೀನಿನ ಹಿಂದೆಯೇ ಬಿದ್ದಿದ್ದೆ. ಆಫೀಸಿನ ಗೆಳೆಯರು ಹೋಗುತ್ತಿದ್ದುದೇ ಅದಕ್ಕೆ. ಬಾಸ್ ಒಳ್ಳೆಯ ಮೀನು, ಅದರ ಬಗ್ಗೆ ನನಗೇನೂ ದೂರಿಲ್ಲ. ಗಾಳಕ್ಕೆ ಸಿಕ್ಕಿದ ಕೂಡಲೇ ನೀರಿಂದ ಮೇಲೆ ಹಾರಿ, ಬಾಯಿ ತೆರೆದು ತಲೆ ಒದರುತ್ತದೆ, ನೋಡಿದವರಿಗೆ ಮೈ ಜುಂ ಅನ್ನುತ್ತೆ. ಹಿಡಿಯುತ್ತಿದ್ದೆ, ಫೋಟೋ ತೆಗೆದು ಬಿಡುತ್ತಿದ್ದೆ, ಮನೆಗೆ ಬರುತ್ತಿದ್ದೆ. ಮಾರನೇ ದಿನಕ್ಕೆ ಮನಸ್ಸಲ್ಲಿ ಏನೂ ಉಳಿಯುತ್ತಿರಲಿಲ್ಲ.

ಊಟದ ಹೊತ್ತಲ್ಲಿ ಒಮ್ಮೊಮ್ಮೆ ಮಾತು ಬರುತ್ತೆ: ಬಾಸ್ ಬಿಟ್ಟರೆ ನಿನಗೆ ಯಾವ ಮೀನು ಇಷ್ಟ? ಒಬ್ಬರು ಮಸ್ಕಿ ಅನ್ನುತ್ತಾರೆ. ಇಲ್ಲಿ ಅದನ್ನು ಇಟ್ಟುಕೊಳ್ಳಬೇಕಾದರೆ ಕಡಿಮೆ ಅಂದರೂ 54 ಇಂಚು, ಅಂದರೆ ನಾಲ್ಕೂವರೆ ಅಡಿ ಉದ್ದ ಇರಬೇಕು. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತೆ ಅಂತ ಮಾತಿದೆ. ಇನ್ನೊಬ್ಬರು ರೆಡ್ ನದಿಯ ದೊಡ್ಡ ಕ್ಯಾಟ್‌ಫಿಶ್ ಅಂತಾರೆ. ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಕ್ರಾಪಿ ಹಿಡಿಯೋರೂ ಇದ್ದಾರೆ. ನನ್ನ ಉತ್ತರ ವಾಲೈ. 1965ರಿಂದ ಮಿನೆಸೋಟಾದ ರಾಜ್ಯಮೀನು ಅದು. ಆದರೆ ನನ್ನ ಪ್ರೀತಿಗೆ ಕಾರಣ ಅದಲ್ಲ, 2023ರ ಜೂನ್ ತಿಂಗಳ ಒಂದು ಶನಿವಾರ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷ ಆಯ್ತು, ಈಗಲೂ ಹಿಮ ಬಿದ್ದ ದಿನ ನಾನು ಏಳೋದರೊಳಗೆ ನಮ್ಮ ಮನೆ ಮುಂದಿನದನ್ನೂ ಎತ್ತಿ ಹಾಕಿರುತ್ತಾರೆ. ಆ ಶನಿವಾರದ ಹಿಂದಿನ ದಿನ ಬೇಲಿ ಹತ್ತಿರ ನಿಂತು, "ನಾಳೆ ಮಿಲ್ ಲ್ಯಾಕ್ಸ್ ಕೆರೆಗೆ ಹೋಗ್ತೀನಿ, ದೋಣಿಯಲ್ಲಿ ಒಂದು ಜಾಗ ಖಾಲಿ ಇದೆ, ಬರ್ತೀಯಾ?" ಅಂದರು. ಹೊರಡೋದು ಎಷ್ಟು ಗಂಟೆಗೆ ಅಂತ ಕೇಳಿದೆ. ಮಧ್ಯಾಹ್ನ ಮೂರಕ್ಕೆ ಅಂದರು. ನನಗೆ ಆಶ್ಚರ್ಯ ಆಯ್ತು, ಮೀನಿಗೆ ಹೋಗೋರು ನಸುಕಿಗೇ ಏಳ್ತಾರಲ್ವಾ. "ವಾಲೈಗೆ ಬಿಸಿಲು ಆಗಲ್ಲ, ಅದು ಊಟಕ್ಕೆ ಏಳೋದೇ ಸಂಜೆ" ಅಂದರು.

ಆ ಮಾತು ಕೇಳಿದ ಕೂಡಲೇ ನನಗೆ ಅಪ್ಪಯ್ಯನ ನೆನಪಾಯ್ತು. ನಮ್ಮೂರು ತೀರ್ಥಹಳ್ಳಿ ಹತ್ತಿರ. ಗದ್ದೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಬಿದಿರು ಕೋಲಿನ ಗಾಳ ಹಿಡಿದು ಅಪ್ಪಯ್ಯ ಹೊಳೆಗೆ ಹೊರಡುತ್ತಿದ್ದುದು ಅದೇ ಹೊತ್ತಿಗೆ. ಎರೆಹುಳದ ತೆಂಗಿನ ಕರಟ ಹಿಡಿದುಕೊಂಡು ನಾನು ಹಿಂದೆ. "ದೀಪ ಹಚ್ಚೋ ಹೊತ್ತಿಗೆ ಮೀನು ದಡಕ್ಕೆ ಬರ್ತವೆ ಕಣೋ, ಸುಮ್ನೆ ಕೂತ್ಕೋ" ಅಂತಿದ್ದರು. ನಾನು ಸುಮ್ಮನೆ ಕೂತಿದ್ದು ಕಡಿಮೆ.

ಮಿನಿಯಾಪೊಲಿಸ್ ಕಡೆಯಿಂದ 169ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು ಎರಡು ಗಂಟೆ ದಾರಿ. ಕೆರೆ ಅನ್ನೋಕೆ ಬಾಯಿ ಬರಲ್ಲ. ಒಂದು ಲಕ್ಷ ಮೂವತ್ತು ಸಾವಿರ ಎಕರೆಗಿಂತ ಜಾಸ್ತಿ ನೀರು, ಆಚೆ ದಡ ಕಾಣೋದಿಲ್ಲ. ಅಷ್ಟು ಅಗಲ ಇದ್ದರೂ ಅತಿ ಆಳದ ಜಾಗ ನಲವತ್ತು ಅಡಿ ಆಸುಪಾಸು ಅಷ್ಟೆ, ಊಟದ ತಟ್ಟೆ ಇದ್ದ ಹಾಗೆ. ನಮ್ಮ ಲಿಂಗನಮಕ್ಕಿ ಹಿನ್ನೀರಲ್ಲಿ ಎತ್ತ ತಿರುಗಿದರೂ ಗುಡ್ಡ. ಇಲ್ಲಿ ಎತ್ತ ತಿರುಗಿದರೂ ಆಕಾಶ.

ದಾರಿಯಲ್ಲಿ ಗಾಳದ ಅಂಗಡಿಗೆ ಹೋದೆವು. ಅಜ್ಜ ಎರಡು ಡಜನ್ ಜಿಗಣೆ ಕೊಡಿ ಅಂದರು. ಅಂಗಡಿಯವರು ನೀರಿನ ತೊಟ್ಟಿಯಿಂದ ಜಾಲರಿಯಲ್ಲಿ ಎತ್ತಿ, ಎಣಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಮಲೆನಾಡಲ್ಲಿ ಹುಟ್ಟಿದವನಿಗೆ ಇದನ್ನು ನೋಡೋದು ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಮಳೆಗಾಲ ಪೂರ್ತಿ ಇಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ತೋಟಕ್ಕೆ ಹೋದ ಕಾಲು ಇದು. ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ, ಒಳಗೆ ಕಪ್ಪು ರಿಬ್ಬನ್ ತುಂಡುಗಳ ಹಾಗೆ ಬಳುಕುತ್ತಾ ಈಜುತ್ತಿದ್ದವು. ಇವು ಮನುಷ್ಯರ ರಕ್ತ ಹೀರೋ ಜಾತಿ ಅಲ್ಲ ಅಂತ ಅಜ್ಜ ಎರಡು ಸಲ ಹೇಳಿದರು. ನಾನು ಕೇಳಿದ್ದಕ್ಕೇ ಎರಡನೇ ಸಲ ಹೇಳಿದ್ದು.

ದೋಣಿ ಇಳಿಸೋ ಜಾಗದಲ್ಲಿ ಮಿರಿಮಿರಿ ಮಿಂಚೋ ಬಾಸ್ ದೋಣಿಗಳ ಸಾಲು. ಮಿಲ್ ಲ್ಯಾಕ್ಸ್ ಈಗ ಸ್ಮಾಲ್‌ಮೌತ್ ಬಾಸ್‌ಗೆ ಹೆಸರುವಾಸಿ, 2017ರಲ್ಲಿ ಬಾಸ್‌ಮಾಸ್ಟರ್ ಪತ್ರಿಕೆ ಇಡೀ ಅಮೆರಿಕದಲ್ಲೇ ಒಂದನೇ ಬಾಸ್ ಕೆರೆ ಅಂತ ಇದನ್ನು ಆರಿಸಿತ್ತು. ಅಜ್ಜ ಆ ಸಾಲನ್ನು ನೋಡಿ ಏನೂ ಅನ್ನಲಿಲ್ಲ. ನೀರಿಗೆ ಇಳಿದ ಮೇಲೆ ಹೇಳಿದರು. 2005ರಲ್ಲಿ ಈ ಕೆರೆಯಲ್ಲಿ ಜೀಬ್ರಾ ಮಸ್ಸೆಲ್ ಅನ್ನೋ ಹೊರಗಿನ ಚಿಪ್ಪುಹುಳ ಕಾಣಿಸಿತು. ಉಗುರಿನಷ್ಟು ಚಿಪ್ಪು, ಕೋಟಿಗಟ್ಟಲೆ ಬೆಳೆದವು, ನೀರಿನ ಪಾಚಿಯನ್ನೆಲ್ಲ ಸೋಸಿ ತಿಂದವು. ನೀರು ಕನ್ನಡಿ ಹಾಗೆ ತಿಳಿಯಾಯ್ತು. ನೋಡೋರಿಗೆ ಚಂದ, ಆದರೆ ತಿಳಿನೀರಲ್ಲಿ ಬೆಳಕು ಆಳಕ್ಕೆ ಇಳಿಯುತ್ತೆ, ವಾಲೈಗೆ ಬೇಕಿರೋದು ಮಬ್ಬು. ಬಾಸ್‌ಗೆ ಬೆಳಕಾದರೆ ಹಬ್ಬ. "ನಾನು ಚಿಕ್ಕವನಿದ್ದಾಗ ಹಗಲಲ್ಲೂ ಸಿಗ್ತಿತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಮೀನು ಬರೀ ಗಾಳದವರದ್ದೂ ಅಲ್ಲ. ಕೆರೆ ದಡದ ಮೂಲನಿವಾಸಿಗಳಾದ ಓಜಿಬ್ವೆ ಜನ ಇದನ್ನು ಓಗಾ ಅನ್ನುತ್ತಾರೆ. ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದಲ್ಲಿ ಜಮೀನು ಬಿಟ್ಟುಕೊಟ್ಟರೂ ಇಲ್ಲಿ ಮೀನು ಹಿಡಿಯೋ ಹಕ್ಕನ್ನು ಅವರು ಉಳಿಸಿಕೊಂಡಿದ್ದರು, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಹಂಚಿಕೊಳ್ಳೋರು ಅವರೂ ಗಾಳದವರೂ ಇಬ್ಬರು, ಮೀನು ಕಡಿಮೆ ಇತ್ತು, ಹಾಗಾಗಿ ನಿಯಮ ಬಿಗಿ ಇತ್ತು. ನಾವು ಹೋದ 2023ರ ಜೂನ್‌ನಲ್ಲಿ ಒಬ್ಬರಿಗೆ ಒಂದೇ ವಾಲೈ. ಅದೂ 21ರಿಂದ 23 ಇಂಚಿನೊಳಗೆ ಇರಬೇಕಿತ್ತು, ಇಲ್ಲವೇ 28ಕ್ಕಿಂತ ಉದ್ದ ಇರಬೇಕಿತ್ತು. ಉಳಿದದ್ದೆಲ್ಲ ವಾಪಸ್ ನೀರಿಗೆ.

ಕಲ್ಲುಗಳು ರಾಶಿ ಬಿದ್ದಂತಿದ್ದ ಒಂದು ದಿಬ್ಬದ ಮೇಲೆ ಲಂಗರು ಹಾಕಿದೆವು, ಆಳ ಹತ್ತಡಿ. ಜಿಗಣೆಯ ಹೀರುವ ತುದಿಗೆ ಗಾಳದ ಮುಳ್ಳು ಚುಚ್ಚಬೇಕು, ಆಗ ಉಳಿದ ಮೈಯೆಲ್ಲ ನೀರಲ್ಲಿ ಆಡುತ್ತೆ. ಮೇಲೆ ಬೆಂಡು. ಬೆಂಡು ನೋಡಿ ನನಗೆ ತುಂಬಾ ಖುಷಿಯಾಯ್ತು. ಮೂರು ವರ್ಷ ಬಾಸ್‌ಗೆ ಅಂತ ಎಸೆಯೋದು, ಎಳೆಯೋದು, ಎಸೆಯೋದು, ಎಳೆಯೋದು ಇದನ್ನೇ ಮಾಡಿದ್ದೆ. ಬೆಂಡು ಬಿಟ್ಟು ಅದನ್ನೇ ನೋಡುತ್ತಾ ಕೂರೋದು ಊರು ಬಿಟ್ಟ ಮೇಲೆ ಅದೇ ಮೊದಲು.

ಏಳು ಗಂಟೆ ಆಯ್ತು, ಎಂಟಾಯ್ತು. ಏನೂ ಇಲ್ಲ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋಕೆ ಒಂಬತ್ತಾಗುತ್ತೆ. ಗಾಳಿ ಸ್ವಲ್ಪ ಎದ್ದು, ನೀರಿನ ಮೇಲೆ ಸಣ್ಣ ಅಲೆ ಮೂಡಿತು. ಅಜ್ಜ ನೆಟ್ಟಗೆ ಕೂತರು. ಅಲೆ ಎದ್ದರೆ ಬೆಳಕು ಒಡೆದುಹೋಗುತ್ತೆ, ಒಳಗೆ ಕತ್ತಲೆ ಬೇಗ ಆಗುತ್ತೆ, ಇಂಥ ಅಲೆಗೆ ವಾಲೈ ಅಲೆ ಅಂತಲೇ ಹೆಸರು.

ನನ್ನ ಬೆಂಡು ಅಲುಗಿತು. ಬಾಸ್ ಥರ ಗುಳುಂ ಅಂತ ಮುಳುಗಲಿಲ್ಲ. ಒಂದು ಕಡೆಗೆ ವಾಲಿತು, ನಿಂತಿತು, ಆಮೇಲೆ ಯಾರೋ ಕೆಳಗಿಂದ ಮೆತ್ತಗೆ ಕರೆದ ಹಾಗೆ ಇಳಿಯತೊಡಗಿತು. ನನ್ನ ಕೈ ಎತ್ತೋಕೆ ಹೋಯ್ತು. "ತಡಿ" ಅಂದರು ಅಜ್ಜ. ಮೂರು ಎಣಿಸುವಷ್ಟು ಹೊತ್ತು. "ಸಡಿಲ ಸುತ್ಕೋ. ಈಗ ಎಳಿ."

ಹಾರಲಿಲ್ಲ, ನೀರು ಚೆಲ್ಲಲಿಲ್ಲ. ಕೆಳಗೇ ಉಳಿದು ಭಾರವಾಗಿ ತಲೆ ಆಡಿಸಿತು. ಒಂದೊಂದು ಸಲ ಆಡಿಸಿದ್ದೂ ತಂಗೂಸಿಯಲ್ಲಿ ಹತ್ತಿ ನನ್ನ ಮೊಣಕೈವರೆಗೆ ಬರುತ್ತಿತ್ತು. ದೋಣಿ ಹತ್ತಿರ ಬಂದು ಬೆಳಕು ಕಂಡ ಕೂಡಲೇ ಮತ್ತೆ ಆಳಕ್ಕೆ ಹೋಯ್ತು. ಹೀಗೆ ನಾಲ್ಕು ಸಲ. ಕಡೆಗೆ ಅಜ್ಜ ಬಲೆಯಲ್ಲಿ ಎತ್ತಿದರು.

ಬಾಸ್ ಹಿಡಿದ ಅಭ್ಯಾಸಕ್ಕೆ ನಾನು ಹೆಬ್ಬೆರಳನ್ನು ಸೀದಾ ಬಾಯೊಳಗೆ ಹಾಕಿದೆ. ಬಾಸ್‌ನ ಹಲ್ಲು ಉಪ್ಪುಕಾಗದದ ಹಾಗೆ ತರಿತರಿ ಅಷ್ಟೆ, ತುಟಿ ಹಿಡಿದೇ ಎತ್ತಬಹುದು. ಇದರದ್ದು ಸೂಜಿ ಹಲ್ಲು. ರಕ್ತ ಬಂತು. ಅಜ್ಜ ಏನೂ ಅನ್ನದೆ ಮೀನನ್ನು ಕೈಗೆ ತಗೊಂಡು, ಕಿವಿರಿಗೆ ಬೆರಳು ಸೋಕದ ಹಾಗೆ ಹೊಟ್ಟೆ ಕೆಳಗೆ ಹಿಡಿದು ತೋರಿಸಿದರು. ಪಕ್ಕೆಯಲ್ಲಿ ಹಳೇ ಹಿತ್ತಾಳೆ ಬಣ್ಣ, ಬೆನ್ನಿನ ಮೇಲೆ ಮುಳ್ಳಿನ ರೆಕ್ಕೆ, ಬಾಲದ ಕೆಳತುದಿಯಲ್ಲಿ ಸುಣ್ಣದಲ್ಲಿ ಅದ್ದಿದಂಥ ಬಿಳಿ ಚುಕ್ಕೆ. ಮತ್ತೆ ಆ ಕಣ್ಣು. ತಲೆಗೆ ಕಟ್ಟಿದ್ದ ದೀಪ ಅದರ ಮೇಲೆ ಬಿದ್ದಾಗ ಕಣ್ಣು ಬೆಕ್ಕಿನದ್ದರ ಹಾಗೆ ಹೊಳೆಯಿತು. ಬೆಕ್ಕಿಗಿರುವ ಹಾಗೆಯೇ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸಿ ಕಳಿಸೋ ಪದರ ಇದಕ್ಕೂ ಇದೆ. ಅದಕ್ಕೇ ಮಬ್ಬಲ್ಲಿ ಬೇಟೆಗೆ ಕಾಣದ್ದು ಇದಕ್ಕೆ ಕಾಣುತ್ತೆ, ಅದಕ್ಕೇ ಬಿಸಿಲು ಆಗಿಬರಲ್ಲ.

ಅಳತೆಗೆ ಇಟ್ಟೆವು. ಇಪ್ಪತ್ತೈದು ಇಂಚು. ಇಟ್ಟುಕೊಳ್ಳುವ ಹಾಗಿಲ್ಲ. ಇಷ್ಟು ದೊಡ್ಡದು ಹೆಣ್ಣೇ ಇರುತ್ತೆ, ಮುಂದಿನ ಏಪ್ರಿಲ್‌ನಲ್ಲಿ ಮೊಟ್ಟೆ ಇಡಬೇಕು ಅಂದರು ಅಜ್ಜ. ನೀರಲ್ಲಿ ಹಿಡಿದುಕೊಂಡಿದ್ದೆ. ಒಂದೆರಡು ಸಲ ಕಿವಿರು ಆಡಿಸಿ, ನನ್ನ ಅಂಗೈಯಿಂದ ತಾನಾಗೇ ಜಾರಿ ಕೆಳಗಿಳಿಯಿತು. ನಾನು ಬಾಸ್ ಎಷ್ಟೋ ಬಿಟ್ಟಿದ್ದೇನೆ. ಹೀಗೆ ಬಗ್ಗಿ ನೀರನ್ನೇ ನೋಡುತ್ತಾ ಉಳಿದಿದ್ದಿಲ್ಲ.

ಆಮೇಲೆ ಅಜ್ಜನಿಗೆ ಹತ್ತೊಂಬತ್ತು ಇಂಚಿಂದು ಸಿಕ್ಕಿತು, ಅದೂ ವಾಪಸ್. ಪೂರ್ತಿ ಕತ್ತಲಾಗೋ ಮುಂಚೆ ನನಗೆ ಇನ್ನೊಂದು, ಇಪ್ಪತ್ತೆರಡು ಇಂಚು. ಇದು ಮನೆಗೆ.

ಅಜ್ಜ ಎರಡೂ ಪಕ್ಕೆಯ ಮಾಂಸವನ್ನು ಚಾಕುವಿನಲ್ಲಿ ಮುಳ್ಳಿಲ್ಲದ ಹಾಗೆ ಬಿಡಿಸಿ ಕೊಟ್ಟು, ಉಳಿದದ್ದನ್ನು ಎಸೆಯೋಕೆ ಹೋದರು. ತಲೆ ನನಗೆ ಬೇಕು ಅಂದೆ. ಭಾನುವಾರ ನನ್ನ ಹೆಂಡತಿ ಒಣಮೆಣಸು, ಕೊತ್ತಂಬರಿ ಬೀಜ, ಕಾಯಿ, ಬೆಳ್ಳುಳ್ಳಿ ರುಬ್ಬಿ, ಅಮ್ಮ ಊರಿಂದ ಕಳಿಸಿದ್ದ ಒಣ ವಾಟೆಹುಳಿ ಹಾಕಿ ತಲೆ, ನಡುಮುಳ್ಳಿನ ಸಾರು ಮಾಡಿದಳು. ಜೊತೆಗೆ ಅಕ್ಕಿ ತರಿ ಕಡುಬು. ಪಕ್ಕೆಯ ತುಂಡುಗಳನ್ನು ಬರೀ ಉಪ್ಪು, ಖಾರ, ಅರಿಶಿನ ಹಚ್ಚಿ ಹುರಿದೆವು. ವಾಲೈ ಮಾಂಸಕ್ಕೆ ಕೆಸರಿನ ವಾಸನೆಯೇ ಇಲ್ಲ. ಬೆಳ್ಳಗೆ, ಎಸಳು ಎಸಳಾಗಿ ಬಿಡುತ್ತೆ. ಅಜ್ಜನನ್ನು ಊಟಕ್ಕೆ ಕರೆದಿದ್ದೆವು. ಕೆನ್ನೆಯ ಮಾಂಸ ಎಲ್ಲಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಸಾರು ಎರಡು ಸಲ ಹಾಕಿಸಿಕೊಂಡರು.

ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪಯ್ಯನಿಗೆ ಫೋಟೋ ತೋರಿಸಿದೆ. ಮಂಡಿನೋವಿಂದ ಈಗ ಅವರು ಹೊಳೆಗೆ ಇಳಿಯಲ್ಲ. ಮೊಬೈಲನ್ನು ಮುಖದ ಹತ್ತಿರ ತಂದುಕೊಂಡು, "ಕಣ್ಣು ಸರಿಯಾಗಿ ತೋರ್ಸು" ಅಂದರು. ದೊಡ್ಡದು ಮಾಡಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಎಷ್ಟು ಗಂಟೆಗೆ ಬಿತ್ತು?" ಅಂದರು.

"ದೀಪ ಹಚ್ಚೋ ಹೊತ್ತಿಗೆ, ಅಪ್ಪಯ್ಯ."

"ಸುಮ್ನೆ ಕೂತಿದ್ಯಾ?"

"ಕೂತಿದ್ದೆ."

ಉಳಿದ ಒಂಬತ್ತು ಜಿಗಣೆಯ ಡಬ್ಬಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿತ್ತು. ತಣ್ಣಗಿಟ್ಟು ನೀರು ಬದಲಿಸುತ್ತಿದ್ದರೆ ವಾರಗಟ್ಟಲೆ ಬದುಕುತ್ತವಂತೆ. ಫೋನ್ ಇಟ್ಟು ಹೋಗಿ ನೀರು ಬದಲಿಸಿದೆ. ಮುಂದಿನ ಶನಿವಾರಕ್ಕೆ ಬೇಕಲ್ಲ.