ಕಾದರೆ ಬಂದ್, ತಣಿದರೆ ಚಾಲು: ನನ್ನ ಯೆಜ್ಡಿಯ ಕಂಡೆನ್ಸರ್ ಪುರಾಣ

ನನ್ನ ಹಳೇ ಯೆಜ್ಡಿ ಬೈಕು ಕಾದ ಕೂಡಲೇ ದಾರಿಯಲ್ಲಿ ನಿಲ್ಲೋದಕ್ಕೆ ಕಾರಣ ಕೊನೆಗೂ ಸಿಕ್ಕಿತು. ಕಂಡೆನ್ಸರ್. ಪ್ಲಗ್ಗಿನ ಕಿಡಿ ಬಲವಾಗಿ ಬರೋ ಹಾಗೆ ನೋಡಿಕೊಳ್ಳೋ ಬೆರಳಷ್ಟು ಸಣ್ಣ ಸಾಮಾನು. ಅದೂ ಒಂದಲ್ಲ, ಎರಡು. ಗಾಡಿಯ ಜೊತೆ ಬಂದ ಹಳೇದು ಒಂದು, ಅದರ ಬದಲಿಗೆ ದುಡ್ಡು ಕೊಟ್ಟು ತರಿಸಿದ ‘ಹೊಸದು’ ಇನ್ನೊಂದು. ಎರಡಕ್ಕೂ ಒಂದೇ ರೋಗ. ಇಷ್ಟು ದಿನ ತಲೆ ಕೆಟ್ಟಿದ್ದೂ ಅದಕ್ಕೇ.

ಬೋರ್ ಮಾಡಿಸಿದ್ದು, ಕ್ರ್ಯಾಂಕ್ ಸೀಲ್ ಹಾಕಿದ್ದು, ಟ್ಯಾಂಕಿನ ತುಕ್ಕು ತೆಗೆದಿದ್ದು, ಅದೆಲ್ಲ ಬಿಡಿ. ಯೆಜ್ಡಿ ಸಾಕಿದವರಿಗೆ ಅದು ಗೊತ್ತಿರೋದೇ. ಪಾಯಿಂಟ್ (ಕಾಯಿಲ್‌ನ ಕರೆಂಟು ಕಡಿದು ಕಿಡಿ ಹಾರಿಸೋ ಸ್ವಿಚ್ಚು) ಗ್ಯಾಪ್ 0.4 ಮಿಲಿಮೀಟರ್, ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ (ಟೂ-ಸ್ಟ್ರೋಕ್) ಎಣ್ಣೆ, 6 ವೋಲ್ಟಿನ ಹೊಸ ಬ್ಯಾಟರಿ. ಬೆಳಗ್ಗೆ ಒಂದೇ ಕಿಕ್ಕಿಗೆ ಚಾಲು. ಗೋಳಗುಮ್ಮಟದ ಮುಂದೆ ಹಾದು ಊರು ತುಂಬ ಸುತ್ತಿದರೂ ಏನೂ ತಕರಾರಿಲ್ಲ.

ತಕರಾರು ಶುರುವಾಗೋದು ಹೈವೇಗೆ ಬಿದ್ದ ಮೇಲೆ. ಕೊಲ್ಹಾರದ ದಾರಿಯಲ್ಲಿ ಹೊನಗನಹಳ್ಳಿ ದಾಟೋವರೆಗೆ ಚೆನ್ನಾಗಿ ಓಡುತ್ತೆ. ಮುಳವಾಡ ಹತ್ತಿರ ಬಂದ ಹಾಗೆ ಇಂಜಿನ್ ಒಂದೊಂದು ಏಟು ತಪ್ಪೋಕೆ ಶುರು. ಆಮೇಲೆ ಎರಡೂ ಸೈಲೆನ್ಸರಿಂದ ಪಟಾಕಿ. ಆಮೇಲೆ ಬಂದ್. ಎಷ್ಟು ಕಿಕ್ ಹೊಡೆದರೂ ಮಾತಿಲ್ಲ. ಅರ್ಧ ಗಂಟೆ ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಚಾಲು. ಏಪ್ರಿಲ್‌ನಲ್ಲಿ ನಮ್ಮ ವಿಜಯಪುರದಲ್ಲಿ 40 ಡಿಗ್ರಿ ಬಿಸಿಲು. ರಸ್ತೆ ಬದಿಯಲ್ಲಿ ಮರ ಎಲ್ಲೆಲ್ಲಿ ಇದೆ ಅಂತ ನನಗೀಗ ಬಾಯಿಪಾಠ.

ನಿಂತಾಗಲೆಲ್ಲ ಡಾಕ್ಟರುಗಳು ಸೇರೋರು. ಒಬ್ಬರು ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲು ಅಂದರು. ಈಗ ಮಿಕ್ಸರ್ ಕೆಟ್ಟರೂ ಇ20 ಅನ್ನೋ ಕಾಲ. ನಮ್ಮ ಓಣಿಯ ಮಿಸ್ತ್ರಿ ಕಾಕಾ ಗಾಡಿಯಿಂದ ಹತ್ತು ಅಡಿ ದೂರ ನಿಂತೇ ತೀರ್ಪು ಕೊಟ್ಟರು: “ತಮ್ಮಾ, ಕಾರ್ಬೋರೇಟರ್‌ನ್ಯಾಗ ಕಸಾ ಕುಂತದ. ಬಿಚ್ಚಿ ತೊಳಿ.” ಕಸ ಇದ್ದರೆ ತಣ್ಣಗಿದ್ದಾಗಲೂ ಇರಬೇಕಲ್ವಾ ಕಾಕಾ ಅಂದೆ. “ಬಿಸಲಿಗೆ ಕಸಾ ಉಬ್ಬತದ” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೆಟ್ರೋಲಿನ ಸಂಶಯ ರಸ್ತೆಯಲ್ಲೇ ತೀರಿಸಿಕೊಂಡೆ. ಗಾಡಿ ನಿಂತ ಕೂಡಲೇ ಕಾರ್ಬೋರೇಟರಿನ ಪೈಪ್ ಕಿತ್ತು ನೋಡಿದರೆ ಪೆಟ್ರೋಲು ಧಾರಾಳವಾಗಿ ಬರುತ್ತಿತ್ತು. ಇದರಲ್ಲಿ ಪಂಪೂ ಇಲ್ಲ, ಮೇಲಿಂದ ಕೆಳಗೆ ತಾನಾಗಿ ಇಳಿಯೋದು. ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದ್ದರೂ ಹೀಗೇ ನಿಲ್ಲುತ್ತೆ, ಅದಕ್ಕೆ ಮುಚ್ಚಳ ಸಡಿಲ ಮಾಡಿಯೂ ಓಡಿಸಿದೆ. ಫರಕಿಲ್ಲ. ಪ್ಯಾಂಟಿಗೆ ಪೆಟ್ರೋಲು ಚೆಲ್ಲಿದ್ದೊಂದೇ ಲಾಭ. ಪ್ಲಗ್ ಬಿಚ್ಚಿದರೆ ಹಸಿ. ಹೆಡ್ಡಿಗೆ ಮುಟ್ಟಿಸಿ ಕಿಕ್ ಹೊಡೆದರೆ ಕಿಡಿ ಬರುತ್ತಿತ್ತು, ಆದರೆ ಕಿತ್ತಳೆ ಬಣ್ಣದ ಸಣಕಲು ಕಿಡಿ. ತಣ್ಣಗಿದ್ದಾಗ ಇದೇ ಪ್ಲಗ್ಗಿನಲ್ಲಿ ಚಟ್ ಅಂತ ನೀಲಿ ಕಿಡಿ ಹಾರುತ್ತೆ. ಅಂದರೆ ಕಸದ ಮಾತು ಮುಗೀತು. ಇದು ಕರೆಂಟಿನ ಕಾಯಿಲೆ.

ಮೊದಲ ಸಂಶಯ ಕಾಯಿಲ್ ಮೇಲೆ, ಅಂದರೆ ಬ್ಯಾಟರಿಯ ಕರೆಂಟನ್ನು ಕಿಡಿ ಹಾರೋವಷ್ಟು ಹೆಚ್ಚು ವೋಲ್ಟಿಗೆ ಏರಿಸೋ ಸುರುಳಿ. ಇಲ್ಲೇ ಊರಿನಲ್ಲಿ ಇನ್ನೊಂದು ಯೆಜ್ಡಿ ಇಟ್ಟಿರೋ ಗೆಳೆಯ ಇದ್ದಾನೆ. ಅವನ ಕಾಯಿಲ್ ನನ್ನ ಗಾಡಿಗೆ, ನನ್ನದು ಅವನ ಗಾಡಿಗೆ. ಇಬ್ಬರೂ ಮಧ್ಯಾಹ್ನ ಜೊತೆಯಾಗಿ ಹೊರಟೆವು. ನನ್ನ ಕಾಯಿಲ್ ಹಾಕಿಕೊಂಡು ಅವನು ಮುಂದೆ ಹೋದ. ಅವನ ಒಳ್ಳೇ ಕಾಯಿಲ್ ಹಾಕಿಕೊಂಡು ನಾನು ಮರದ ಕೆಳಗೆ ನಿಂತೆ. ಕಾಯಿಲ್ ನಿರಪರಾಧಿ.

ಉಳಿದಿದ್ದು ಪಾಯಿಂಟ್ ಮತ್ತು ಕಂಡೆನ್ಸರ್. ನಮ್ಮ ಹಳೇ ಮಾಡೆಲ್‌ಗಳಲ್ಲಿ ಎರಡೂ ಬಲಗಡೆ ಡೈನಮೋ ಕವರಿನ ಒಳಗೆ, ಇಂಜಿನ್ನಿಗೆ ಅಂಟಿಕೊಂಡೇ ಇರುತ್ತವೆ. ಓಡುವಾಗ ಒಂದಿಷ್ಟು ಗಾಳಿಯಾದರೂ ತಾಗುತ್ತೆ. ಚಹಾಕ್ಕೆ ನಿಲ್ಲಿಸಿದರೆ ಇಂಜಿನ್ನಿನ ಕಾವೆಲ್ಲ ಆ ಮೂಲೆಗೆ ಬಂದು ಕೂರುತ್ತೆ. ನಿಂತ ಮೇಲೆ ಚಾಲು ಆಗದೇ ಸತಾಯಿಸೋದು ಇದಕ್ಕೇ.

ಈಗ ಎಲ್ಲರೂ ಎಡವೋ ಜಾಗ ಬಂತು, ಸ್ವಲ್ಪ ನಿಧಾನವಾಗಿ ಓದಿ. ರಸ್ತೆಯಲ್ಲಿ ಕಂಡೆನ್ಸರ್ ಪರೀಕ್ಷೆ ಅಂದರೆ ಏನು ಮಾಡ್ತೀವಿ? ಇನ್ನೊಂದು ಕಂಡೆನ್ಸರನ್ನು ಕ್ಲಿಪ್ ಹಾಕಿ ಹೊರಗಿನಿಂದ ಜೋಡಿಸ್ತೀವಿ. ಗಾಡಿ ಚಾಲು ಆದರೆ ಒಳಗಿನದು ಹೋಗಿದೆ ಅಂತ ಲೆಕ್ಕ. ಆಗದಿದ್ದರೆ ಕಂಡೆನ್ಸರ್ ಸರಿ ಇದೆ ಅಂತ ತೀರ್ಮಾನ. ಮೊದಲನೇದು ಸರಿ, ಎರಡನೇದು ಅರ್ಧ ಸುಳ್ಳು. ಕಂಡೆನ್ಸರ್ ಎರಡು ಥರ ಸಾಯುತ್ತೆ. ಒಳಗಿನ ತುದಿ ಕಡಿದುಹೋದರೆ ಅದು ಇಲ್ಲದ ಹಾಗೆ, ಹೊರಗೆ ಇನ್ನೊಂದು ಹಾಕಿದರೆ ಕೆಲಸ ನಡೆಯುತ್ತೆ. ಕರೆಂಟ್ ತಡೆಯೋ ಒಳಗಿನ ಕಾಗದ ಸೋರೋಕೆ ಶುರುವಾಗಿದ್ದರೆ ಮಾತ್ರ ಹೊರಗೆ ಹತ್ತು ಹಾಕಿದರೂ ಉಪಯೋಗ ಇಲ್ಲ. ಕರೆಂಟ್ ಒಳಗಿನ ದಾರಿಯಲ್ಲೇ ಗಾಡಿಯ ಬಾಡಿಯೊಳಗೆ ಇಳಿದು ಹೋಗುತ್ತೆ. ಒಳಗಿನದರ ವೈರು ಬಿಚ್ಚಿ, ಆಮೇಲೆ ಹೊರಗಿನದನ್ನು ಜೋಡಿಸಬೇಕು. ಕ್ಲಿಪ್ ಹಾಕಿದೆ, ಚಾಲು ಆಗಲಿಲ್ಲ. ಕಾದ ಕವರ್ ಬಿಚ್ಚಿ, ಬೆರಳು ಸುಟ್ಟುಕೊಂಡು, ಒಳಗಿನ ವೈರು ಕಿತ್ತೆ. ಮೊದಲ ಕಿಕ್ಕಿಗೇ ಚಾಲು.

ಅಲ್ಲಿಗೆ ಕಥೆ ಮುಗೀಬೇಕಿತ್ತು. ಹೊಸ ಕಂಡೆನ್ಸರ್ ತರಿಸಿದೆ, ಹಾಕಿದೆ, ಹೊರಟೆ. ಮೊದಲಿಗಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು. ಅದೇ ಪಟಾಕಿ, ಅದೇ ಕಿತ್ತಳೆ ಕಿಡಿ. ಕಾಕಾಗೆ ಖುಷಿಯೋ ಖುಷಿ. “ಕಂಡೆನ್ಸರ್ ಹೊಸಾದು ಹಾಕೀದಿ ಹೌದಲ್ಲೋ? ಅಂದಮ್ಯಾಲ ಅದಲ್ಲ. ಕಾರ್ಬೋರೇಟರ್ ತೊಳಿ.”

ಮಲ್ಟಿಮೀಟರಿನಲ್ಲಿ ನೋಡಿದರೆ ಎರಡೂ ಕಂಡೆನ್ಸರ್ 0.2 ಮೈಕ್ರೋಫ್ಯಾರಡ್‌ಗಿಂತ ಒಂದಿಷ್ಟು ಮೇಲೆ, ಕೂದಲೆಳೆಯಷ್ಟೂ ದೋಷ ಇಲ್ಲ. ಆದರೆ ಮೀಟರ್ ಅಳೆಯೋದು ಒಂದೆರಡು ವೋಲ್ಟಿನಲ್ಲಿ. ಪಾಯಿಂಟ್ ತೆರೆದ ಕ್ಷಣ ಕಂಡೆನ್ಸರ್ ಮೇಲೆ ಬೀಳೋದು ಬ್ಯಾಟರಿಯ 6 ವೋಲ್ಟ್ ಅಲ್ಲ, ಕಾಯಿಲ್ ತಿರುಗಿಸಿ ಹೊಡೆಯೋ 200-300 ವೋಲ್ಟ್. ಪರೀಕ್ಷೆ ಮಾಡಿದರೆ ಅಷ್ಟೇ ವೋಲ್ಟಿನಲ್ಲಿ, ಅಷ್ಟೇ ಕಾವಿನಲ್ಲಿ ಮಾಡಬೇಕು.

ಅದಕ್ಕೆ ಬೇಕಾದ ಎರಡೂ ಸಾಮಾನು ನಮ್ಮ ಊರಿನಲ್ಲಿ ಎಲ್ಲಿವೆ ಗೊತ್ತಾ? ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ವೈಂಡಿಂಗ್ ಪರೀಕ್ಷೆಗೆ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್ ಇರುತ್ತೆ. ವಾರ್ನಿಷ್ ಒಣಗಿಸೋಕೆ ದೊಡ್ಡ ಬಲ್ಬು ಹಾಕಿದ ತಗಡಿನ ಪೆಟ್ಟಿಗೆಯೂ ಇರುತ್ತೆ. ಅಂಗಡಿಯವರು ಕಂಡೆನ್ಸರ್ ನೋಡಿ ನಕ್ಕರು. “ಏನ್ರೀ ಸರ, ಹತ್ತು ಎಚ್‌ಪಿ ಮೋಟರ್ ತರೂದು ಬಿಟ್ಟು ಬೆರಳಷ್ಟ ಅದನ್ನ ಹಿಡ್ಕೊಂಡು ಬಂದೀರಿ?” ಆದರೂ ಮೆಗ್ಗರನ್ನು 250 ವೋಲ್ಟಿಗೆ ಇಟ್ಟು ಹಿಡಿದರು. ತಣ್ಣಗಿದ್ದಾಗ ಮುಳ್ಳು ಇನ್ಫಿನಿಟಿ ಬಿಟ್ಟು ಅಲುಗಲಿಲ್ಲ, ಅಂದರೆ ಸೋರಿಕೆ ಇಲ್ಲ. ಎರಡನ್ನೂ ಪೆಟ್ಟಿಗೆಗೆ ಹಾಕಿ, ಚಹಾ ಕುಡಿದು ಬಂದು ಮತ್ತೆ ಹಿಡಿದರು. ಹಳೇದು: ಮುಳ್ಳು ನೇರ ಸೊನ್ನೆಗೆ. ‘ಹೊಸದು’: ಒಂದು ಕ್ಷಣ ತಡೆದು, ಅದೂ ಸೊನ್ನೆಗೆ. ಕಾದಿರುವಾಗಲೇ ಮಲ್ಟಿಮೀಟರ್ ಹಚ್ಚಿದರೆ ಅದು ಮಾತ್ರ ಆಗಲೂ ಎಲ್ಲ ಸರಿ ಅಂತಲೇ ಹೇಳುತ್ತಿತ್ತು. ಫ್ಯಾನ್ ಕೆಳಗೆ ತಣಿಸಿದ ಮೇಲೆ ಮೆಗ್ಗರ್ ಮುಳ್ಳು ವಾಪಸ್ ಇನ್ಫಿನಿಟಿಗೆ. ಅಂಗಡಿಯವರಿಗೂ ಮಜಾ ಬಂತು, ಇನ್ನೊಮ್ಮೆ ಕಾಯಿಸೋಣ್ರೀ ಅಂದರು.

ಈಗ ಸಾಮಾನು ಮಾರೋರ ವಿಷಯ. ಅವರ ಹೆಸರು ಬೇಡ. “ಒರಿಜಿನಲ್ ಹಳೇ ಸ್ಟಾಕ್ ಸರ್, ಪ್ಯಾಕೆಟ್ ಒಡೆದಿಲ್ಲ” ಅಂದಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆಗಿನ ಮಾಲು ಅಂದರೆ ಸುಮಾರು ಮೂವತ್ತು ವರ್ಷ ಸುಮ್ನೆ ಕೂತ ಕಾಗದದ ಕಂಡೆನ್ಸರ್. ಪ್ಯಾಕೆಟ್ ಒಡೆಯದಿದ್ದರೇನು, ತೇವ ಒಳಗೆ ಹೋಗೋಕೆ ಅವರ ಅಪ್ಪಣೆ ಬೇಕಾ? ಸೈಡ್ ಬಾಕ್ಸ್ ಬೀಗ, ಬ್ಯಾಡ್ಜು, ಗೇರುಗಳು ಹಳೇ ಸ್ಟಾಕ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕಂಡೆನ್ಸರ್ ಮತ್ತು ರಬ್ಬರ್ ಸೀಲ್ ಮಾತ್ರ ಬೇಡವೇ ಬೇಡ. ವಾಪಸ್ ತಗೋಳಿ ಅಂತ ಫೋನ್ ಮಾಡಿದರೆ, “ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ ಸರ್, ಬೇಕಾದರೆ ಇನ್ನೊಂದು ಕಳಿಸ್ತೀನಿ, ಅರ್ಧ ರೇಟು.” ಬೇಡಪ್ಪಾ.

ಮದ್ದು ಸಿಕ್ಕಿದ್ದು ಟಿವಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ: 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್. ಒಂದು ಪ್ಲೇಟ್ ಇಡ್ಲಿ ವಡೆಗಿಂತ ಕಡಿಮೆ ಬೆಲೆ. ಡೈನಮೋ ಕವರಿನ ಒಳಗೆ ಅದನ್ನು ಇಡಲಿಲ್ಲ. ಪಾಯಿಂಟಿನಿಂದ ಬರೋ ವೈರು ಟ್ಯಾಂಕಿನ ಕೆಳಗಿರೋ ಕಾಯಿಲ್‌ಗೆ ಸೇರೋ ಟರ್ಮಿನಲ್ಲಿಗೆ ಒಂದು ಕಾಲು, ಗಾಡಿಯ ಬಾಡಿಗೆ ಇನ್ನೊಂದು ಕಾಲು. ಕರೆಂಟಿನ ಲೆಕ್ಕದಲ್ಲಿ ಅದೇ ಜಾಗ, ಕಾವಿನ ಲೆಕ್ಕದಲ್ಲಿ ಬೇರೆ ಊರು. ವೈರು ಗಿಡ್ಡ ಇರಲಿ, ಅರ್ಥಿಂಗ್ ಜಾಗದ ಪೇಂಟ್ ಕೆರೆದು ಹಾಕಿ. ಸುತ್ತ ಅರಾಲ್ಡೈಟ್ ಹಾಕಿ ಗಟ್ಟಿ ಮಾಡಿ, ಇಲ್ಲಾಂದ್ರೆ ಯೆಜ್ಡಿಯ ನಡುಕಕ್ಕೆ ಕಾಲು ಮುರಿಯುತ್ತೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸು ಅಂತ ಸಲಹೆ ಕೊಡೋರಿಗೆ ನಮಸ್ಕಾರ. ಪಾಯಿಂಟ್ ಕೆಟ್ಟರೆ ಉಗುರು ತಿಕ್ಕೋ ಕಾಗದದಿಂದಲೂ ಮನೆ ಮುಟ್ಟಬಹುದು. ಕಿಟ್ ಕೆಟ್ಟರೆ ಟೆಂಪೋನೇ ಗತಿ.

ಈ ಗಲಾಟೆಯ ನಡುವೆ ಮಾವನ ಹೊಲದಲ್ಲಿ ಒಂದು ಕಿರ್ಲೋಸ್ಕರ್ ಡೀಸೆಲ್ ಇಂಜಿನ್ ಕಣ್ಣಿಗೆ ಬಿದ್ದಿದೆ. ಬಾವಿಯ ಪಂಪಿನದು, ಹ್ಯಾಂಡಲ್ ತಿರುಗಿಸಿ ಚಾಲು ಮಾಡೋದು. ಕಿರ್ಲೋಸ್ಕರ್ ಮನೆತನದ ಉದ್ಯಮ 1888ರಲ್ಲಿ ಶುರುವಾಗಿದ್ದೇ ನಮ್ಮ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಅಂದಮೇಲೆ ಹೊರಗಿನವರದ್ದಲ್ಲ ಬಿಡಿ. ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಮುಖ್ಯವಾಗಿ ಕಂಡೆನ್ಸರ್ ಇಲ್ಲ. “ಒಯ್ಯಪಾ, ಆದರ ಅದರಾಗಿನ ಗುಬ್ಬಿ ಗೂಡು ತೆಗೀಬ್ಯಾಡ” ಅಂದಿದ್ದಾರೆ ಮಾವ. ಮರಿಗಳು ಹಾರಿದ ಮೇಲೆ ಶುರು.

ನಿನ್ನೆ ಮಧ್ಯಾಹ್ನ ಬೇಕಂತಲೇ ಎರಡು ಗಂಟೆಗೆ ಹೊರಟೆ. ಮುಳವಾಡದಲ್ಲಿ ಗಾಡಿ ಬಿಸಿಲಲ್ಲೇ ನಿಲ್ಲಿಸಿ ಚಹಾ ಕುಡಿದೆ, ಒಂದೇ ಕಿಕ್. ಕೊಲ್ಹಾರ ದಾಟಿ ಕೊರ್ತಿ ಸೇತುವೆಯ ಮೇಲೆ ಕೃಷ್ಣೆಯ ಆಚೆ ದಡ ಮುಟ್ಟಿ ತಿರುಗಿದೆ, ಒಂದೂ ಏಟು ತಪ್ಪಲಿಲ್ಲ. ನಿಂತ ಕಡೆ ಪ್ಲಗ್ ಬಿಚ್ಚಿ ಕಿಡಿ ನೋಡಿದೆ. ನೀಲಿ. ವಾಪಸ್ ಬಂದು ಕಾಕಾಗೆ ತೋರಿಸಿದೆ. ಟ್ಯಾಂಕಿನ ಕೆಳಗೆ ಬಗ್ಗಿ, ಅರಾಲ್ಡೈಟಿನ ಗಡ್ಡೆ ನೋಡಿ, “ಟಿವಿ ಸಾಮಾನು ಗಾಡಿಗಿ ಹಾಕೀಯೇನು?” ಅಂದರು. ಆಮೇಲೆ ಕೇಳಿದರು: “ಕಾರ್ಬೋರೇಟರ್ ತೊಳದೀ?”

ಇನ್ನು ಉಳಿದಿರೋದು ಹಾರ್ನ್. ಹೊನಗನಹಳ್ಳಿಯಲ್ಲಿ ಎಮ್ಮೆ ಅಡ್ಡ ಬಂದಾಗ ಒತ್ತಿದೆ, ಕಪ್ಪೆ ಕೂಗಿದಷ್ಟೂ ಸದ್ದಿಲ್ಲ. ಡೈನಮೋ ಬ್ರಷ್ ಸವೆದಿದೆಯೋ, ಡೈನಮೋದಿಂದ ಬ್ಯಾಟರಿಗೆ ಹೋಗೋ ಕರೆಂಟನ್ನು ಸೇರಿಸಿ ಬಿಡಿಸೋ ಕಟೌಟ್ ಹೋಗಿದೆಯೋ ಭಾನುವಾರ ಬಿಚ್ಚಿ ನೋಡಬೇಕು. ಬ್ರಷ್ ಅಂತೂ ಆ ‘ಹಳೇ ಸ್ಟಾಕ್’ ಅಂಗಡಿಯಿಂದ ತರಿಸೋದಿಲ್ಲ.